ಸಂದುಗಳಿಗೆ ಅಂಕವಿಲ್ಲವೆ?

ಚಳ್ಳಕೆರೆಯ ಸುತ್ತಣ ನಾಡಿನಲ್ಲಿ ಮಳೆಯನ್ನು ಎರಡು ವಿಧದಲ್ಲಿ ಅಳೆಯುವುದುಂಟು. ಮಳೆಮಾಪಕವು ಮಿಲಿಮೀಟರುಗಳಲ್ಲಿ ಹೇಳುತ್ತದೆ; ರೈತನಾದರೋ ಹೊಲಕ್ಕೆ ಹೋಗಿ ಮಣ್ಣು ಕೆದಕಿ, ನಾಲ್ಕು ಬೆರಳು ನೆನೆದಿದೆಯೋ ಒಂದು ಗೇಣು ನೆನೆದಿದೆಯೋ ಎಂದು ನೋಡುತ್ತಾನೆ. ಕಳೆದ ವರ್ಷದ ಮುಂಗಾರಿನಲ್ಲಿ ಈ ಎರಡು ಅಳತೆಗಳಿಗೂ ನಮ್ಮ ಕಾಲೇಜಿನ ಬೇಲಿಯ ಬಳಿ ಜಗಳ ಬಂದಿತು. ಗೆದ್ದವನು ರೈತನು. ಸೋತ ಉಪಕರಣವು ನಮ್ಮ ವಿದ್ಯಾರ್ಥಿಗಳದು. ಅದಕ್ಕೆ ಅಂಕ ಕೊಟ್ಟಿದ್ದವರು ನಾವು.

ಆರು ಮಂದಿ ವಿದ್ಯಾರ್ಥಿಗಳು ಪದವಿಯ ಕೊನೆಯ ವರ್ಷದ ತಂಡ ಯೋಜನೆಗಾಗಿ ಒಂದು ಸ್ವಯಂಚಾಲಿತ ಹವಾಮಾನ ಕೇಂದ್ರವನ್ನು ರಚಿಸಲು ಹೊರಟಿದ್ದರು. ಉಷ್ಣತೆ ಮತ್ತು ಆರ್ದ್ರತೆಗಳನ್ನು ಅಳೆಯುವ ಭಾಗ ಇಬ್ಬರಿಗೆ, ಸೌರಫಲಕವೂ ಬ್ಯಾಟರಿಯೂ ಒಬ್ಬನಿಗೆ, ಮಳೆಮಾಪಕ ಒಬ್ಬನಿಗೆ, ಅಂಕೆಗಳನ್ನು ಲೆಕ್ಕಹಾಕಿ ದಾಖಲಿಸುವ ಕಂಪ್ಯೂಟರ್ ಪ್ರೋಗ್ರಾಮ್ ಇನ್ನೊಬ್ಬನಿಗೆ. ಆರನೆಯವಳು ಮೊಳಕಾಲ್ಮೂರಿನ ನೇಕಾರರ ಮನೆಯ ಹುಡುಗಿ. ಹಂಚಲು ಬೇರೆ ಭಾಗ ಉಳಿಯದಿದ್ದುದರಿಂದ, ಯೋಜನೆಯ ದಿನಚರಿ ಬರೆಯುವ ಕೆಲಸ ಅವಳ ಪಾಲಿಗೆ ಬಂದಿತು.

ಅವರು ಆರಿಸಿಕೊಂಡ ಮಳೆಮಾಪಕದ ತತ್ತ್ವ ಸರಳವಾದುದು. ಆಲಿಕೆಯಲ್ಲಿ ಬಿದ್ದ ನೀರು ಅದರ ಕೆಳಗಿನ ಜೋಡಿ ಬಟ್ಟಲುಗಳಲ್ಲಿ ಒಂದಕ್ಕೆ ಇಳಿಯುತ್ತದೆ. ಅದು ತುಂಬಿದೊಡನೆ ತಕ್ಕಡಿಯ ತಟ್ಟೆಯಂತೆ ವಾಲಿ, ನೀರನ್ನು ಚೆಲ್ಲಿ, ಇನ್ನೊಂದು ಬಟ್ಟಲನ್ನು ಆಲಿಕೆಯಡಿಗೆ ತರುತ್ತದೆ. ಹೀಗೆ ಮಗುಚಿದಾಗಲೆಲ್ಲ ಒಂದು ವಿದ್ಯುತ್ ಸ್ಪಂದ ಹೊರಡುವುದು. ಸ್ಪಂದಗಳನ್ನು ಎಣಿಸಿದರೆ ಮಳೆಯನ್ನು ಎಣಿಸಿದಂತೆ. ಹುಡುಗನು ಮಾಡಿದ ಬಟ್ಟಲು 0.2 ಮಿಲಿಮೀಟರ್ ಮಳೆಗೆ ಒಮ್ಮೆ ಮಗುಚುತ್ತಿತ್ತು. ಪ್ರೋಗ್ರಾಮ್ ಬರೆದವನು ಬೇರೊಂದು ಮಾದರಿಯ ವಿವರಣೆಯನ್ನು ಓದಿ, ಒಂದು ಮಗುಚಿಗೆ 0.5 ಮಿಲಿಮೀಟರ್ ಎಂದು ಹಿಡಿದಿದ್ದನು. ಬಟ್ಟಲು ಸರಿಯಾಗಿತ್ತು, ಪ್ರೋಗ್ರಾಮಿನಲ್ಲಿಯೂ ತರ್ಕದೋಷವಿರಲಿಲ್ಲ. ಪರೀಕ್ಷೆಯ ದಿನ ಒಂದು ಚೊಂಬು ನೀರನ್ನು ಆಲಿಕೆಗೆ ಸುರಿದರು, ಪರದೆಯ ಮೇಲೆ ಅಂಕೆ ಏರಿತು, ಎಲ್ಲರೂ ಸಂತೋಷಪಟ್ಟೆವು. ಚೊಂಬಿನಲ್ಲಿ ನೀರೆಷ್ಟಿತ್ತೆಂದು ಯಾರೂ ಅಳೆಯಲಿಲ್ಲ.

ಆಮೇಲೆ ನಿಜವಾದ ಮಳೆ ಬಂದಿತು. ಬಟ್ಟಲು 50 ಸಲ ಮಗುಚಿತು. ಪರದೆ 25 ಮಿಲಿಮೀಟರ್ ಎಂದಿತು. ಬೇಲಿಯಾಚೆಯ ಹೊಲದ ಹಿರಿಯರು ಮಾತ್ರ ನಕ್ಕುಬಿಟ್ಟರು. "ಮೇಷ್ಟ್ರೆ, ಅಷ್ಟು ಬಿದ್ದಿದ್ರೆ ನೆಲ ಗೇಣುದ್ದ ನೆನೀಬೇಕಿತ್ತು. ಬಂದು ನೋಡಿ, ನಾಲ್ಕು ಬೆರಳು ಇದ್ರೆ ಹೆಚ್ಚು." ನೋಡಿದೆವು, ಅವರ ಮಾತು ನಿಜ. ಬಿದ್ದ ಮಳೆ 10 ಮಿಲಿಮೀಟರ್ ಮಾತ್ರ. ನಮ್ಮ ಯಂತ್ರವನ್ನು ನಂಬಿ ಯಾರಾದರೂ ಅಂದು ಶೇಂಗಾ ಬಿತ್ತಿದ್ದರೆ, ಬೀಜ ಒಣಮಣ್ಣಿನಲ್ಲಿ ಕೂರುತ್ತಿತ್ತು. ಬಿತ್ತನೆ ಬೀಜದ ಬೆಲೆ ಬಲ್ಲವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ.

ತಪ್ಪನ್ನು ಹುಡುಕುತ್ತ ದಿನಚರಿಯನ್ನು ತೆರೆದಾಗ ನಮಗೆ ನಾಚಿಕೆಯಾಯಿತು. ಮೂರು ತಿಂಗಳ ಹಿಂದಿನ ಒಂದು ಪುಟದಲ್ಲಿ ಆ ಹುಡುಗಿ ಬರೆದಿದ್ದಳು: "ಒಂದು ಮಗುಚಿಗೆ ಎಷ್ಟು ಮಿಲಿಮೀಟರ್? ಇಬ್ಬರನ್ನೂ ಒಟ್ಟಿಗೆ ಕೂರಿಸಿ ಕೇಳಬೇಕು." ಅದರ ಕೆಳಗೆ ನಮ್ಮ ರುಜು ಇತ್ತು. ಓದದೆಯೇ ರುಜು ಹಾಕಿದ್ದೆವು. ತಂಡದಲ್ಲೆಲ್ಲ ಅತಿ ಕಡಿಮೆ ಅಂಕ ಪಡೆದವಳೂ ಅವಳೇ; ಏಕೆಂದರೆ ಅವಳು "ಏನನ್ನೂ ತಯಾರಿಸಿರಲಿಲ್ಲ". ಅವಳ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವನ್ನು ಬರೆದ ಚಪಡನೆಂಬ ಲಿಪಿಕಾರನ ಹೆಸರು ಎರಡು ಸಾವಿರ ವರ್ಷಗಳಿಗೂ ಮೀರಿ ಬಂಡೆಯ ಮೇಲೆ ಉಳಿದಿದೆ. ನಮ್ಮ ಅಂಕಪಟ್ಟಿಯಲ್ಲಿ ಬರೆದವರಿಗೆ ಅಷ್ಟು ಮನ್ನಣೆ ಸಿಗಲಿಲ್ಲ.

ವ್ಯವಸ್ಥಾ ಎಂಜಿನಿಯರಿಂಗ್ ಎಂಬ ದೊಡ್ಡ ಹೆಸರಿನ ಶಾಸ್ತ್ರದ ಬಹುಭಾಗವು ಈ ಹುಡುಗಿಯ ಪ್ರಶ್ನೆಯಲ್ಲಿಯೇ ಅಡಗಿದೆ. ಹಲವು ಭಾಗಗಳನ್ನು ಹಲವರು ರಚಿಸಿದಾಗ, ಭಾಗವೂ ಭಾಗವೂ ಕೂಡುವ ಸಂದಿನಲ್ಲಿ ಏನು ದಾಟಬೇಕು, ಎಷ್ಟು ದಾಟಬೇಕು, ಯಾವ ಮಾನದಲ್ಲಿ ದಾಟಬೇಕು ಎಂಬುದನ್ನು ಮೊದಲೇ ನಿಶ್ಚಯಿಸುವುದು ಅದರ ಮುಖ್ಯ ಕೆಲಸ. ನಮ್ಮ ಹುಡುಗರ ತಪ್ಪನ್ನು ಇನ್ನೂ ದೊಡ್ಡವರು ಮಾಡಿದ್ದುಂಟು. 1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಒಂದು ನೌಕೆಯು ಮಂಗಳ ಗ್ರಹದ ಬಳಿ ನಾಶವಾಯಿತು. ಒಂದು ತಂಡವು ಆವೇಗವನ್ನು ಪೌಂಡ್-ಸೆಕೆಂಡುಗಳಲ್ಲಿ ಕೊಟ್ಟಿತ್ತು, ಇನ್ನೊಂದು ಅದನ್ನು ನ್ಯೂಟನ್-ಸೆಕೆಂಡುಗಳೆಂದು ತಿಳಿದಿತ್ತು. ಇವೆರಡಕ್ಕೂ ಸುಮಾರು ನಾಲ್ಕೂವರೆ ಪಟ್ಟು ಅಂತರವಿದೆ. ಅಲ್ಲಿಯೂ ಸಂಶಯಪಟ್ಟವರಿದ್ದರು, ಅವರ ಸಂಶಯವನ್ನು ಕೊನೆಮುಟ್ಟಿಸಿದವರಿರಲಿಲ್ಲ.

ಸರಿಯಾಗಿ ಮಾಡಿದ ಕೆಲಸವನ್ನು ನೋಡಬೇಕಾದರೆ ಚಳ್ಳಕೆರೆ ತಾಲ್ಲೂಕನ್ನು ಬಿಟ್ಟು ಹೋಗಬೇಕಾಗಿಲ್ಲ. ಇಲ್ಲಿಯ ವೈಮಾನಿಕ ಪರೀಕ್ಷಾ ಕೇಂದ್ರದಲ್ಲಿ 2023ರ ಏಪ್ರಿಲ್ 2ರಂದು ಇಸ್ರೋ ಸಂಸ್ಥೆಯವರು ರೆಕ್ಕೆಯುಳ್ಳ ಒಂದು ವಾಹನವನ್ನು ಹೆಲಿಕಾಪ್ಟರಿನಿಂದ ನಾಲ್ಕೂವರೆ ಕಿಲೋಮೀಟರ್ ಎತ್ತರಕ್ಕೆ ಒಯ್ದು ಬಿಟ್ಟರು. ಅದು ತಾನೇ ದಾರಿ ಹಿಡಿದು ಓಡುದಾರಿಯ ಮೇಲೆ ಇಳಿಯಿತು. 2024ರ ಮಾರ್ಚಿನಲ್ಲಿಯೂ ಜೂನಿನಲ್ಲಿಯೂ ಪರೀಕ್ಷೆಯನ್ನು ಹೆಚ್ಚು ಕಠಿನವಾಗಿಸಿ ಮತ್ತೆ ನಡೆಸಿದರು. ಕೊನೆಯ ಸಲ ವಾಹನವನ್ನು ಓಡುದಾರಿಯ ನೇರದಿಂದ 500 ಮೀಟರ್ ಪಕ್ಕಕ್ಕೆ ಬಿಟ್ಟಿದ್ದರು. ಇಳಿಯುವಾಗ ಅದರ ವೇಗ ಗಂಟೆಗೆ 320 ಕಿಲೋಮೀಟರಿಗೂ ಮಿಗಿಲು. ಹಿಂಬದಿಯ ಪ್ಯಾರಾಚ್ಯೂಟ್ ಬಿಚ್ಚಿಕೊಂಡು ವೇಗವನ್ನು ಸುಮಾರು 100ಕ್ಕೆ ಇಳಿಸಿತು. ಅನಂತರ ಚಕ್ರಗಳ ಬ್ರೇಕು ಅದನ್ನು ನಿಲ್ಲಿಸಿತು.

ವಿದ್ಯಾರ್ಥಿ ಮಿತ್ರರು ಇಲ್ಲಿ ಕಾಗದ ಪೆನ್ಸಿಲುಗಳನ್ನು ಹಿಡಿಯಲಿ. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಪಾತದಲ್ಲಿರುವುದಷ್ಟೆ. 100ರ ವರ್ಗವನ್ನು 320ರ ವರ್ಗದಿಂದ ಭಾಗಿಸಿದರೆ ಹತ್ತರಲ್ಲಿ ಒಂದು ಪಾಲು ಬರುತ್ತದೆ. ಎಂದರೆ ಬ್ರೇಕಿನ ಪಾಲಿಗೆ ಬರುವುದು ಮೊದಲಿದ್ದ ಶಕ್ತಿಯ ಹತ್ತನೆಯ ಒಂದು ಭಾಗ. ಒಂದು ವೇಳೆ ಪ್ಯಾರಾಚ್ಯೂಟು ವೇಗವನ್ನು 150ಕ್ಕೆ ಮಾತ್ರ ಇಳಿಸಿದ್ದರೆ, ಬ್ರೇಕು ಎರಡೂಕಾಲು ಪಟ್ಟು ಶಕ್ತಿಯನ್ನು ನುಂಗಬೇಕಾಗುತ್ತಿತ್ತು. ಆದುದರಿಂದ ಪ್ಯಾರಾಚ್ಯೂಟ್ ರಚಿಸುವವನು ಹೇಳುವ ಒಂದು ಅಂಕೆಯ ಮೇಲೆ ಬ್ರೇಕ್ ರಚಿಸುವವನ ಲೆಕ್ಕವೆಲ್ಲ ನಿಂತಿದೆ. ಆ ಅಂಕೆ ಇಬ್ಬರಲ್ಲಿ ಯಾರದು? ಅದು ಸಂದಿಗೆ ಸೇರಿದ್ದು, ಅದನ್ನು ಕಾಯುವವರು ಬೇರೆಯೇ ಬೇಕು.

ಇನ್ನೊಂದು ಸಂಗತಿ ನಮಗೆ ಅಷ್ಟೇ ಮುಖ್ಯವಾಗಿ ತೋರುತ್ತದೆ. ಎರಡನೆಯ ಪರೀಕ್ಷೆಗೆ ಮೊದಲನೆಯದರಲ್ಲಿ ಇಳಿದ ವಾಹನವನ್ನೇ ಪರಿಶೀಲಿಸಿ ಬಳಸಿದರು. ಮೂರನೆಯದಕ್ಕೂ ಎರಡನೆಯದರ ಒಡಲನ್ನೇ. ನಮ್ಮ ಕಾಲೇಜುಗಳಲ್ಲಿ ನಡೆಯುವುದೇನು? ಈ ವರ್ಷದ ಯೋಜನೆ ಬೀರು ಸೇರುತ್ತದೆ, ಮುಂದಿನ ವರ್ಷ ಮತ್ತೆ ಮೊದಲಿನಿಂದ. ಇನ್ನೊಬ್ಬರ ಕೆಲಸವನ್ನು ಅರ್ಥಮಾಡಿಕೊಂಡು ಮುಂದುವರಿಸುವ ಕಷ್ಟವನ್ನು ವಿದ್ಯಾರ್ಥಿಗೆ ನಾವು ಕೊಡುವುದೇ ಇಲ್ಲ. ಕೊಟ್ಟಲ್ಲಿ ಅವರು ಸಾಧಿಸಬಲ್ಲರು: 2010ರ ಜುಲೈ 12ರಂದು ಕಕ್ಷೆಗೆ ಸೇರಿದ ಸ್ಟಡ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹದ ತೂಕ ಒಂದು ಕಿಲೋಗ್ರಾಮಿಗಿಂತ ಕಡಿಮೆ, ಅದನ್ನು ರಚಿಸಿದವರು ಬೆಂಗಳೂರು ಮತ್ತು ಹೈದರಾಬಾದುಗಳ ಏಳು ಕಾಲೇಜುಗಳ ವಿದ್ಯಾರ್ಥಿಗಳು. ಏಳು ಕಾಲೇಜುಗಳ ನಡುವಣ ಸಂದುಗಳನ್ನು ಕಾಯುವುದು ಆರು ಮಂದಿಯ ನಡುವಣ ಸಂದುಗಳಿಗಿಂತ ಎಷ್ಟು ಕಷ್ಟವೆಂಬುದನ್ನು ಊಹಿಸಬಹುದು.

ವ್ಯವಸ್ಥೆಯ ಎಲ್ಲೆ ಎಲ್ಲಿ ಮುಗಿಯುತ್ತದೆ ಎಂಬ ಪ್ರಶ್ನೆಯನ್ನೂ ಇಲ್ಲಿ ಮರೆಯುವಂತಿಲ್ಲ. ಪರೀಕ್ಷಾ ಕೇಂದ್ರವೇ ಮೊದಲಾದ ಸಂಸ್ಥೆಗಳಿಗೆ ಕೊಟ್ಟ ನೆಲವು ಅಮೃತಮಹಲ್ ಕಾವಲಿಗೆ ಸೇರಿದುದು, ಕುರಿದನಗಳ ಮೇವಿನ ಹುಲ್ಲುಗಾವಲು. ಅದರ ವ್ಯಾಜ್ಯವು ಹಸಿರು ನ್ಯಾಯಮಂಡಳಿಯವರೆಗೆ ಹೋಯಿತು. ಕುರಿಗಾಹಿಯನ್ನು ನಕ್ಷೆಯೊಳಗೆ ಸೇರಿಸಬೇಕೋ ಹೊರಗಿಡಬೇಕೋ ಎಂಬುದನ್ನು ನಕ್ಷೆ ಬರೆಯುವವರು ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆಯೆಂದು ನಮ್ಮ ಅಭಿಪ್ರಾಯ. ನಾವಾದರೋ ಮಳೆಮಾಪಕದ ಯೋಜನೆಯಲ್ಲಿ ಬೇಲಿಯಾಚೆಯ ರೈತರನ್ನು ಒಮ್ಮೆಯೂ ಕೇಳಿರಲಿಲ್ಲ.

ಹೀಗಿರಲು ತಂಡ ಯೋಜನೆಗಳ ಅಂಕಗಳಲ್ಲಿ ಅರ್ಧವನ್ನಾದರೂ ಬಿಡಿಭಾಗಗಳಿಗಲ್ಲದೆ ಕೂಡಿದ ಇಡೀ ಯಂತ್ರಕ್ಕೆ, ಅದೂ ಪ್ರಯೋಗಶಾಲೆಯ ಹೊರಗೆ ಪರೀಕ್ಷಿಸಿದ ಮೇಲೆ, ಕೊಡಬೇಕೆಂದು ನಾವು ವಾದಿಸುತ್ತಿದ್ದೇವೆ. ಹಾಗೆ ಮಾಡಿದರೆ ದುಡಿಯದವನೂ ದುಡಿದವರ ಅಂಕವನ್ನು ಉಣ್ಣುವನೆಂದು ಸಹೋದ್ಯೋಗಿಗಳು ಆಕ್ಷೇಪಿಸುತ್ತಾರೆ. ಆಕ್ಷೇಪ ಸುಳ್ಳಲ್ಲ, ಅದಕ್ಕೆ ನಮ್ಮಲ್ಲಿ ಪೂರ್ಣ ಉತ್ತರವಿಲ್ಲ. ದಿನಚರಿಯನ್ನು ವಾರವಾರವೂ ನಿಜವಾಗಿ ಓದಿದರೆ ದುಡಿದವರಾರೆಂಬುದು ಬಹುಮಟ್ಟಿಗೆ ತಿಳಿಯುತ್ತದೆ, ಆದರೆ ಅದು ಅಧ್ಯಾಪಕನ ಸಂಜೆಗಳನ್ನು ತಿನ್ನುತ್ತದೆ.

ತನ್ನ ಪ್ರಶ್ನೆ ನಿಜವಾದುದನ್ನು ತಿಳಿಸಲು ಆ ಹುಡುಗಿಯನ್ನು ಕರೆಸಿದ್ದೆವು. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಮಗ್ಗಕ್ಕೆ ಹಾಸು ಹೂಡುವ ಮೊದಲು ಎಳೆಗಳ ಲೆಕ್ಕವನ್ನು ಹೂಡುವವರೂ ನೇಯುವವರೂ ಇಬ್ಬರೂ ಬಾಯಿಬಿಟ್ಟು ಹೇಳುವುದು ತಮ್ಮ ಮನೆಯ ರೂಢಿ ಎಂದಳು.

ಈ ವರ್ಷದ ತಂಡಕ್ಕೆ ಹೊಸ ವಿಷಯ ಕೊಟ್ಟಿಲ್ಲ. ಅದೇ ಮಳೆಮಾಪಕ, ಅದೇ ದಿನಚರಿ. ಮೊದಲ ವಾರದಲ್ಲಿಯೇ ಅವರು ಅದರ ಪಕ್ಕದಲ್ಲಿ ನೆಟ್ಟಗಿನ ಬದಿಗಳುಳ್ಳ ಒಂದು ತಗಡಿನ ಡಬ್ಬಿಯನ್ನೂ ಅಡಿಕೋಲನ್ನೂ ಇಟ್ಟರು. ಬೇಲಿಯಾಚೆಯ ಹಿರಿಯರಿಗೂ ಹೇಳಿ ಬಂದಿದ್ದಾರೆ: ಮಳೆ ಬಂದ ಮರುದಿನ ಬೆಳಗ್ಗೆ ಮಣ್ಣು ಕೆದಕುವಾಗ ತಮ್ಮನ್ನೂ ಕೂಗಬೇಕೆಂದು.