ಕಳೆಯ ವಿಷ ಯಾರ ಲೆಕ್ಕಕ್ಕೆ?

ಸೂರ್ಯಾಸ್ತದ ನಂತರ ಅನ್ನ ಮುಟ್ಟದ, ಗಡ್ಡೆಗೆಣಸುಗಳನ್ನು ಅಡಿಗೆಮನೆಗೆ ಸೇರಿಸದ, ಸೋಸದ ನೀರನ್ನು ಕುಡಿಯದ ಗೃಹಸ್ಥನೊಬ್ಬನ ಲಿಂಬೆಯ ತೋಟಕ್ಕೆ ಮಳೆಗಾಲದ ಒಂದು ಮುಂಜಾನೆ ಕೂಲಿಯವನೊಬ್ಬ ಬೆನ್ನಿಗೆ ಪಂಪು ಕಟ್ಟಿಕೊಂಡು ಇಳಿಯುತ್ತಾನೆ. ಕಾಲಿಗೆ ಕೆರವಿಲ್ಲ, ಮೂಗಿಗೆ ಬಟ್ಟೆಯಿಲ್ಲ. ಕೆಲವೇ ದಿನಗಳಲ್ಲಿ ಗಿಡಗಳ ನಡುವಿನ ಹಸಿರೆಲ್ಲ ಕಂದಿ, ನೆಲ ಸುಟ್ಟಂತೆ ಕಾಣುತ್ತದೆ. ಒಡೆಯನು ಅದನ್ನು ನೋಡಿ ತೋಟ ಸ್ವಚ್ಛವಾಯಿತೆಂದು ಸಮಾಧಾನಪಡುತ್ತಾನೆ. ಅಂದಿನ ಹಿಂಸೆ ಯಾರ ಲೆಕ್ಕಕ್ಕೆ ಸೇರಿತೆಂಬ ಪ್ರಶ್ನೆ ಅವನನ್ನು ಕಾಡುವುದೇ ಇಲ್ಲ. ಇದು ಒಬ್ಬನ ಚಿತ್ರವಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಸೀಮೆಯಲ್ಲಿ ರೂಢಿಯಾಗುತ್ತಿರುವ ನಡತೆಯ ಚಿತ್ರ.

ಈ ಸೀಮೆ ಎರೆಮಣ್ಣಿನ ನಾಡು. ಬಿಳಿಜೋಳ, ತೊಗರಿ, ಕಡಲೆಗಳು ಇಲ್ಲಿಯ ಹಳೆಯ ಬೆಳೆಗಳು. ಕೃಷ್ಣೆಗೆ ಆಲಮಟ್ಟಿ, ನಾರಾಯಣಪುರಗಳಲ್ಲಿ ಅಣೆಕಟ್ಟುಗಳಾದ ಮೇಲೆ ಅನೇಕ ಹೊಲಗಳಿಗೆ ಕಾಲುವೆಯ ನೀರು ಬಂತು, ಕಬ್ಬು ಬಂತು. ಇಂಡಿಯ ಲಿಂಬೆಯಂತೂ ದೂರದೂರಿನ ಪೇಟೆಗಳಲ್ಲಿ ಹೆಸರು ಪಡೆದು, ೨೦೨೩ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಗೂ ಪಾತ್ರವಾಯಿತು. ಆದರೆ ನೀರು ಬಂದಲ್ಲಿ ಕಳೆಯೂ ಬರುತ್ತದೆ. ಜೇಕು, ಕರಿಕೆ, ಕಾಂಗ್ರೆಸ್ ಕಸಗಳು ತೋಟವನ್ನು ಮುತ್ತುತ್ತವೆ. ಒಂದು ಕಾಲಕ್ಕೆ ಎಡೆಕುಂಟೆಯೂ ಕುರಪಿಯೂ ಇವುಗಳಿಗೆ ಉತ್ತರವಾಗಿದ್ದವು. ಈಗ ಗ್ಲೈಫೊಸೇಟ್, ಪ್ಯಾರಾಕ್ವಾಟ್ ಎಂಬ ಕಳೆನಾಶಕಗಳು ಆ ಸ್ಥಾನಕ್ಕೆ ಬಂದಿವೆ. ಜನರ ಬಾಯಲ್ಲಿ ಇವು ವಿಷವಲ್ಲ, 'ಎಣ್ಣೆ', 'ಔಷಧ'. ಹೆಸರು ಸೌಮ್ಯವಾದ ಮಾತ್ರಕ್ಕೆ ವಸ್ತು ಸೌಮ್ಯವಾಗದು.

ಈ ಎಣ್ಣೆಯ ಪರವಾಗಿ ಕೆಲವು ಶ್ರಾವಕರು ಒಡ್ಡುವ ವಾದವೊಂದುಂಟು. ಕುಂಟೆ ಹೊಡೆದರೆ ಎರೆಹುಳು, ಇರುವೆ ಮೊದಲಾದ ತ್ರಸಜೀವಿಗಳು ಸಾಯುತ್ತವೆ. ಕಳೆನಾಶಕವಾದರೋ ಏಕೇಂದ್ರಿಯವಾದ ಸಸ್ಯವನ್ನಷ್ಟೇ ಕೊಲ್ಲುತ್ತದೆ. ಆದುದರಿಂದ ಅದೇ ಅಲ್ಪಹಿಂಸೆಯ ಮಾರ್ಗ ಎಂಬುದು ಆ ವಾದ. ಮೇಲ್ನೋಟಕ್ಕೆ ಇದು ಶಾಸ್ತ್ರಸಮ್ಮತವೆಂದೇ ತೋರುತ್ತದೆ. ಕುಂಟೆಯ ಬಾಯಿಗೆ ಜೀವಿಗಳು ಸಿಕ್ಕಿ ಸಾಯುವುದೂ ಸುಳ್ಳಲ್ಲ.

ಆದರೆ ತತ್ತ್ವಾರ್ಥಸೂತ್ರವು ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಾಣಹರಣದೊಡನೆ ಪ್ರಮಾದವನ್ನೂ ಸೇರಿಸಿಯೇ ಹೇಳುತ್ತದೆ. ಸತ್ತ ಜೀವಿಗಳ ಎಣಿಕೆಯೊಂದೇ ಅಳತೆಗೋಲಲ್ಲ. ಎಚ್ಚರವಿತ್ತೇ, ಯತ್ನವಿತ್ತೇ ಎಂಬುದೂ ಅಳತೆಗೋಲು. ಆದಿನಾಥನು ಪ್ರಜೆಗಳಿಗೆ ಕಲಿಸಿದನೆಂದು ಪುರಾಣಗಳು ಹೇಳುವ ಷಟ್ಕರ್ಮಗಳಲ್ಲಿ ಕೃಷಿಯೂ ಒಂದು. ಅದರಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಉದ್ಯೋಗಿ ಹಿಂಸೆಯೆಂದು ಬೇರೆಯಾಗಿ ಗುರುತಿಸಿ, ಗೃಹಸ್ಥನು ಅದನ್ನು ಆದಷ್ಟು ಕಡಿಮೆ ಮಾಡಬೇಕೆಂದು ಹೇಳಲಾಗಿದೆ. ಕುರಪಿ ಹಿಡಿದವನ ಕಣ್ಣು ನೆಲದ ಮೇಲಿರುತ್ತದೆ. ಯಾವುದನ್ನು ಕೀಳಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕ ಅವನ ಕೈಯಲ್ಲಿರುತ್ತದೆ. ಪಂಪಿನ ಮೂತಿಗೆ ಕಣ್ಣಿಲ್ಲ. ಬೆಳೆಗೆ ಅಡ್ಡಿಯಾದ ಕಸ, ಅಡ್ಡಿಯಾಗದ ಹುಲ್ಲು, ದನದ ಮೇವು, ಬಡವರ ಸಾರಿಗೆ ಬೀಳುವ ಸೊಪ್ಪು, ಎಲ್ಲವೂ ಅದಕ್ಕೆ ಒಂದೇ. ಅವಶ್ಯಕತೆಯನ್ನು ಮೀರಿದ ಈ ನಾಶವನ್ನು ಅಲ್ಪಹಿಂಸೆಯೆಂದು ಕರೆಯುವುದು ಹೇಗೆ?

ಸಸ್ಯವೊಂದೇ ಸಾಯುತ್ತದೆಂಬ ಮಾತೂ ನಿಲ್ಲದು. ಆ ಹುಲ್ಲಿನ ಹೂವಿಗೆ ಬರುವ ಜೇನು, ಅದರ ನೆರಳಿನ ಹುಳು, ಆ ಹುಳುವನ್ನು ಅರಸಿ ಬರುವ ಹಕ್ಕಿಗಳು ತಮ್ಮ ಆಸರೆಯನ್ನು ಕಳೆದುಕೊಳ್ಳುತ್ತವೆ. ಎಲೆಗೆ ಅಂಟಲೆಂದು ಗ್ಲೈಫೊಸೇಟಿನೊಡನೆ ಬೆರೆಸುವ ಕೆಲವು ದ್ರವ್ಯಗಳು ನೀರಿನಲ್ಲಿರುವ ಕಪ್ಪೆಮರಿಗಳಿಗೆ ಮಾರಕವೆಂದು ಪ್ರಯೋಗಗಳು ತೋರಿಸಿವೆ. ಇವೆಲ್ಲಕ್ಕಿಂತ ಹೆಚ್ಚಾಗಿ, ಪಂಪು ಹೊತ್ತವನು ಪಂಚೇಂದ್ರಿಯ ಜೀವಿಯೆಂಬುದನ್ನೇ ಈ ಲೆಕ್ಕ ಮರೆತಿದೆ. ಪ್ಯಾರಾಕ್ವಾಟಿಗೆ ಪ್ರತಿವಿಷವೇ ಇಲ್ಲ. ಗುಟುಕೊಂದು ಒಳಗೆ ಹೋದರೆ ಶ್ವಾಸಕೋಶಗಳು ಕೆಟ್ಟು ಮನುಷ್ಯ ಸಾಯಬಲ್ಲ. ಐರೋಪ್ಯ ಒಕ್ಕೂಟದಲ್ಲಿ ಅದರ ಬಳಕೆಗಿದ್ದ ಅನುಮತಿ ೨೦೦೭ರಲ್ಲಿ ರದ್ದಾಯಿತು. ಗ್ಲೈಫೊಸೇಟನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ೨೦೧೫ರಲ್ಲಿ ಮನುಷ್ಯರಿಗೆ ಬಹುಶಃ ಕ್ಯಾನ್ಸರ್‌ಕಾರಕವೆಂಬ ವರ್ಗಕ್ಕೆ ಸೇರಿಸಿತು. ಅಮೆರಿಕ, ಯುರೋಪುಗಳ ನಿಯಂತ್ರಣ ಸಂಸ್ಥೆಗಳು ಈ ಅಭಿಪ್ರಾಯವನ್ನು ಒಪ್ಪಿಲ್ಲವೆಂಬುದೂ ನಿಜ. ಆದರೆ ಸಂದೇಹ ಉಳಿದಿರುವಾಗ ಆ ಸಂದೇಹದ ಭಾರವನ್ನು ಬರಿಗಾಲಿನ ಕೂಲಿಯವನ ಮೈಮೇಲೆ ಹೊರಿಸುವುದು ಯಾವ ನ್ಯಾಯ? ಭಾರತ ಸರಕಾರವೇ ೨೦೨೨ರ ಅಕ್ಟೋಬರಿನಲ್ಲಿ ಅಧಿಸೂಚನೆ ಹೊರಡಿಸಿ, ಗ್ಲೈಫೊಸೇಟಿನ ಬಳಕೆಯನ್ನು ಕೀಟನಿಯಂತ್ರಣದ ಪರವಾನಿಗೆಯುಳ್ಳವರಿಗಷ್ಟೇ ಸೀಮಿತಗೊಳಿಸಿತು.

'ಸಿಂಪಡಿಸಿದವನು ಅವನು, ತಾನಲ್ಲ' ಎಂದು ಒಡೆಯನು ಪಾರಾಗುವಂತಿಲ್ಲ. ತಾನೇ ಮಾಡಿದ್ದು, ಪರರಿಂದ ಮಾಡಿಸಿದ್ದು, ಮಾಡಿದ್ದನ್ನು ಮೆಚ್ಚಿದ್ದು ಈ ಮೂರೂ ಕರ್ಮಬಂಧಕ್ಕೆ ದ್ವಾರಗಳೆಂಬುದು ಬಾಲಬೋಧೆಯ ಪಾಠ. ದಿನಗೂಲಿ ಕೊಟ್ಟು ಕೊಂಡದ್ದು ಕೂಲಿಯವನ ದುಡಿಮೆಯನ್ನು. ತನ್ನ ಪಾಪವನ್ನು ಅವನಿಗೆ ಮಾರಲು ಬರುವುದಿಲ್ಲ.

ಇಷ್ಟಾಗಿ ಆ ಎಣ್ಣೆ ಹೇಳಿದ ಕೆಲಸವನ್ನಾದರೂ ಪೂರೈಸುತ್ತದೆಯೇ? ಜೇಕಿನ ಬಲವಿರುವುದು ನೆಲದೊಳಗಿನ ಗಡ್ಡೆಗಳ ಸರಪಳಿಯಲ್ಲಿ. ಪ್ಯಾರಾಕ್ವಾಟ್ ತಾಗಿದ ಹಸಿರನ್ನಷ್ಟೇ ಸುಡುತ್ತದೆ. ಗಡ್ಡೆ ಮತ್ತೆ ಚಿಗುರುತ್ತದೆ. ಗ್ಲೈಫೊಸೇಟ್ ಪೇಟೆಗೆ ಬಂದದ್ದು ೧೯೭೪ರಲ್ಲಿ; ೧೯೯೬ರಲ್ಲಿಯೇ ಆಸ್ಟ್ರೇಲಿಯದಲ್ಲಿ ಅದಕ್ಕೆ ಸಾಯದ ಹುಲ್ಲಿನ ತಳಿ ಕಾಣಿಸಿಕೊಂಡಿತು. ಎಣ್ಣೆಗೆ ಸಾಯದ ಕಳೆಗೆ ಮತ್ತೊಂದು ಎಣ್ಣೆ, ಅದಕ್ಕೂ ಸಾಯದಿದ್ದರೆ ಇನ್ನೊಂದು. ಈ ದಾರಿಗೆ ಕೊನೆಯಿಲ್ಲ. ಗಾಳಿಗೆ ಹಾರಿದ ಹನಿ ಲಿಂಬೆಯ ಎಳೆಚಿಗುರಿಗೆ ತಾಗಿದರೆ ಗಿಡಕ್ಕೇ ಪೆಟ್ಟು.

'ಆಳು ಸಿಗುವುದಿಲ್ಲ' ಎಂಬುದು ಉಳಿದ ಒಂದು ವಾದ. ಇದರಲ್ಲಿ ನಿಜವಿದೆ. ಈ ಜಿಲ್ಲೆಯ ದುಡಿಯುವ ಜನ ಗೋವೆಗೆ, ಮಹಾರಾಷ್ಟ್ರಕ್ಕೆ, ಕರಾವಳಿಗೆ ಗುಳೆ ಹೋಗುವುದು ಎಲ್ಲರೂ ಬಲ್ಲ ಸಂಗತಿ. ಆದರೆ ಕಸ ತೆಗೆಯುವ ಹೆಣ್ಣಾಳುಗಳಿಗೆ ಮಳೆಗಾಲದುದ್ದಕ್ಕೂ ಸಿಗುತ್ತಿದ್ದ ಕೂಲಿಯನ್ನು ಪಂಪಿಗೆ ಒಪ್ಪಿಸಿದ ಮೇಲೆ, ಅವರು ಊರಲ್ಲಿ ಏನನ್ನು ನಂಬಿ ಉಳಿಯಬೇಕು? ಸಾಲದಲ್ಲಿ ಮುಳುಗಿದ ಎರಡೆಕರೆಯ ರೈತನನ್ನು ಇಲ್ಲಿ ದೂಷಿಸುವುದು ಸಲ್ಲದು. ಪ್ರಶ್ನೆ ಇರುವುದು ಅನುಕೂಲವುಳ್ಳ, ಅರಿವುಳ್ಳ ಒಡೆಯರಿಗೆ.

ಉಪಾಯಗಳಿಲ್ಲವೆಂದಲ್ಲ. ಲಿಂಬೆಯ ಆಹಾರದ ಬೇರುಗಳು ನೆಲದ ಮೇಲ್ಪದರದಲ್ಲಿಯೇ ಹರಡಿರುತ್ತವೆ. ಆದುದರಿಂದ ಪಾತಿಯ ಕಸವನ್ನು ಮೇಲುಮೇಲಾಗಿ ಕೈಯಿಂದ ತೆಗೆದು, ಮೇಲೆ ಕಬ್ಬಿನ ರವದಿಯನ್ನೋ ತೊಗರಿಯ ಹೊಟ್ಟನ್ನೋ ದಪ್ಪನಾಗಿ ಹೊದಿಸಿದರೆ ಬೆಳಕು ಕಾಣದೆ ಕಳೆ ಕುಗ್ಗುತ್ತದೆ, ತೇವವೂ ಉಳಿಯುತ್ತದೆ. ರವದಿಯನ್ನು ಹೊಲದಲ್ಲಿಯೇ ಸುಡುವ ಪಾಪವೂ ತಪ್ಪುತ್ತದೆ. ಎಳೆಯ ತೋಟದ ಸಾಲುಗಳ ನಡುವೆ ಹೆಸರು, ಅಲಸಂದೆ, ಸೆಣಬುಗಳನ್ನು ಬಿತ್ತಬಹುದು. ಬೆಳೆದ ತೋಟದಲ್ಲಿ ಹುಲ್ಲನ್ನು ಬೀಜ ಕಟ್ಟುವ ಮೊದಲೇ ಕೊಯ್ದು ದನಕ್ಕೆ ಹಾಕಬಹುದು. ಕಾಂಗ್ರೆಸ್ ಕಸವನ್ನು ಮಾತ್ರ ಹೂವಿಗೆ ಮುಂಚೆಯೇ, ಕೈಗೆ ಚೀಲ ಹಾಕಿಕೊಂಡು, ಬೇರುಸಹಿತ ಕೀಳಬೇಕು. ಅಮೆರಿಕದ ಮ್ಯಾಸಚೂಸೆಟ್ಸಿನಲ್ಲಿ ಕ್ರಾನ್‌ಬೆರಿಯೆಂಬ ಹುಳಿಹಣ್ಣನ್ನು ಬೆಳೆಯುವವರು ಕೆಲವು ವರ್ಷಗಳಿಗೊಮ್ಮೆ ಬಳ್ಳಿಗಳ ಮೇಲೆ ತೆಳುವಾಗಿ ಮರಳು ಹರಡುವ ಪದ್ಧತಿಯನ್ನು ಇಂದಿಗೂ ಉಳಿಸಿಕೊಂಡಿದ್ದಾರೆ; ಅದರಿಂದ ಬಳ್ಳಿ ಚಿಗುರುತ್ತದೆ, ಕೆಲವು ಕಳೆಗಳ ಬೀಜ ಮೊಳೆಯುವುದು ಕುಗ್ಗುತ್ತದೆ. ಅವರೂ ಕಳೆನಾಶಕವನ್ನು ಪೂರ್ತಿ ಬಿಟ್ಟವರಲ್ಲ. ಆದರೆ ಆಳಿನ ಕೂಲಿ ಅಷ್ಟು ದುಬಾರಿಯಾದ ದೇಶದಲ್ಲಿಯೂ ಹೊದಿಕೆಯ ವಿವೇಕ ಅಳಿದಿಲ್ಲವೆಂಬುದು ಗಮನಾರ್ಹ.

ಇನ್ನು ವ್ಯಾಪಾರಸ್ಥರ ಮಾತು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ವಿವರಿಸುವಾಗ, ಕೊಲ್ಲುವ ಸಾಧನಗಳನ್ನು ಪರರಿಗೆ ಒದಗಿಸುವುದನ್ನು ಹಿಂಸಾದಾನವೆಂದು ಕರೆದು ನಿಷೇಧಿಸಿದ್ದಾರೆ. ಅಂಗಡಿಯ ಕಪಾಟಿನಲ್ಲಿ ವಿಷದ ಬಾಟಲಿಗಳನ್ನು ಸಾಲಾಗಿಟ್ಟು, ಗಲ್ಲಾಪೆಟ್ಟಿಗೆಯ ಮೇಲೆ ತೀರ್ಥಂಕರರ ಪಟ ತೂಗುಹಾಕುವವರು ಈ ಮಾತನ್ನು ಒಮ್ಮೆ ಏಕಾಂತದಲ್ಲಿ ನೆನೆಯಬೇಕು.

ಕಳೆಯನ್ನು ಹದ್ದಿನಲ್ಲಿಡುವುದು ಕೃಷಿ. ಬೆಳೆಯನ್ನುಳಿದು ಒಂದು ಎಸಳೂ ಇರಬಾರದೆಂಬುದು ಲೋಭ. ತಟ್ಟೆಯಲ್ಲಿಯ ಈರುಳ್ಳಿಯನ್ನು ಬಿಟ್ಟವನು ತೋಟದಲ್ಲಿಯ ಪಂಪನ್ನೂ ಕೆಳಗಿಡಲಿ. ಪರ್ಯೂಷಣವು ಬರುವುದು ಭಾದ್ರಪದದಲ್ಲಿ, ಹೊಲದಲ್ಲಿ ಕಸ ಏಳುವ ಕಾಲಕ್ಕೆ. ಆ ದಿನಗಳಲ್ಲಿ ಸಕಲ ಜೀವಿಗಳನ್ನು ಕ್ಷಮೆ ಕೇಳುವ ನಾಲಿಗೆ, ತೋಟಕ್ಕೆ ಹೋಗಿ ಪಂಪು ಹೊತ್ತವನ ಮುಂದೆಯೂ ಒಮ್ಮೆ ಆ ಮಾತನ್ನಾಡಲಿ. ಆಡಿದ ಮೇಲೆ, ಅವನ ಕೈಗೆ ಕುರಪಿಯನ್ನೂ ಅದಕ್ಕೆ ತಕ್ಕ ಕೂಲಿಯನ್ನೂ ಕೊಡಲಿ.