ಕೆಡವಿದ ಮನೆಗಳ ಹೆಂಚು, ಮ್ಯೂಸಿಯಂ ಗೋಡೆಯಲ್ಲಿ

ಚೀನಾದ ಪೂರ್ವ ಕರಾವಳಿಯ ನಿಂಗ್ಬೊ ಸೀಮೆಗೆ ಚಂಡಮಾರುತ ಹೊಸತೇನಲ್ಲ. ಗಾಳಿಗೆ ಮನೆ ಉರುಳಿದರೆ ಹಿಂದೆ ಅಲ್ಲಿನ ಹಳ್ಳಿಗರು ಹೊಸ ಇಟ್ಟಿಗೆಗೆ ಕಾಯುತ್ತ ಕೂರುತ್ತಿರಲಿಲ್ಲ. ಬಿದ್ದ ರಾಶಿಯಿಂದಲೇ ಒಡೆದ ಹೆಂಚು, ಅರ್ಧ ಇಟ್ಟಿಗೆ, ಕಲ್ಲಿನ ಚೂರು ಹೆಕ್ಕಿ, ಒತ್ತೊತ್ತಾಗಿ ಜೋಡಿಸಿ ಗೋಡೆ ಎಬ್ಬಿಸುತ್ತಿದ್ದರು. ಈ ಕಸುಬಿನ ಹೆಸರು ‘ವಾಪಾನ್’. ಕೈ ಖಾಲಿಯಿದ್ದವರ ಉಪಾಯ ಅದು.

2008ರಲ್ಲಿ ಅದೇ ನಿಂಗ್ಬೊದಲ್ಲಿ ಎದ್ದ ಇತಿಹಾಸ ಮ್ಯೂಸಿಯಂಗೆ ವಾಪಾನ್ ಗೋಡೆಗಳಿವೆ, ಎತ್ತರ ಸುಮಾರು 24 ಮೀಟರ್. ವಿನ್ಯಾಸ ವಾಸ್ತುಶಿಲ್ಪಿ ವಾಂಗ್ ಶು ಅವರದು. ನಾಲ್ಕು ವರ್ಷಗಳ ಬಳಿಕ ಅವರಿಗೆ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಬಂತು. ಚೀನಾದ ಪ್ರಜೆಯೊಬ್ಬರಿಗೆ ಈ ಗೌರವ ಸಂದದ್ದು ಅದೇ ಮೊದಲು. ಹಾಂಗ್‌ಝೌನ ಅವರ ಕಚೇರಿಯನ್ನು 1997ರಲ್ಲಿ ಜೊತೆಗೂಡಿ ಕಟ್ಟಿದ ಪತ್ನಿ, ವಾಸ್ತುಶಿಲ್ಪಿ ಲು ವೆನ್ಯು ಅವರ ಹೆಸರು ಮಾತ್ರ ಪ್ರಶಸ್ತಿಯಲ್ಲಿ ಇರಲಿಲ್ಲ. ಇದು ಸಣ್ಣ ಲೋಪವಲ್ಲ.

ವಾಂಗ್ ಶು ಎಂದರೆ ಸಂಪ್ರದಾಯ ಮತ್ತು ಆಧುನಿಕತೆಯ ಸಂಗಮ ಎಂದು ಬರೆದು ಮುಗಿಸುವುದು ಸುಲಭ. ಅಂಥ ಸಂಗಮಗಳು ಚೀನಾದಲ್ಲಿ ಬೇಕಾದಷ್ಟಿವೆ. 1996ರಲ್ಲಿ ತೆರೆದ ಬೀಜಿಂಗ್ ಪಶ್ಚಿಮ ರೈಲು ನಿಲ್ದಾಣವನ್ನೇ ನೋಡಿ: ಬೃಹತ್ ಕಾಂಕ್ರೀಟ್ ಕಟ್ಟಡ, ನೆತ್ತಿಯ ಮೇಲೆ ಅರಮನೆ ಶೈಲಿಯ ಮಂಟಪ. ಪ್ಯಾಂಟು ಶರ್ಟಿನ ಮೇಲೆ ಮೈಸೂರು ಪೇಟ ಇಟ್ಟ ಹಾಗೆ. ಪೇಟ ತೆಗೆದರೂ ಕಟ್ಟಡಕ್ಕೆ ಏನೂ ಆಗುವುದಿಲ್ಲ.

ವಾಪಾನ್ ಗೋಡೆಯಿಂದ ಕಸುಬನ್ನು ಹಾಗೆ ಕಳಚಲು ಬರುವುದಿಲ್ಲ. ಆ ಹೆಂಚುಗಳು ನಮ್ಮ ಮಂಗಳೂರು ಹೆಂಚಿನಂತೆ ಒಂದಕ್ಕೊಂದು ಸಿಕ್ಕಿಕೊಳ್ಳುವ ಜಾತಿಯವಲ್ಲ. ನಾಡಹೆಂಚಿನ ಹಾಗೆ ಬಾಗಿದ ತೆಳು ಬಿಲ್ಲೆಗಳು. ಅಳತೆ ಬೇರೆ, ಬಣ್ಣ ಬೇರೆ, ವಯಸ್ಸೂ ಬೇರೆ. ಯಾವ ಚೂರಿನ ಪಕ್ಕಕ್ಕೆ ಯಾವುದು ಎಂದು ನಕ್ಷೆಯಲ್ಲಿ ಬರೆದುಕೊಡಲಾಗದು. ಅದನ್ನು ನಿಂತ ಜಾಗದಲ್ಲೇ ಗಾರೆಯವನ ಕೈ ತೀರ್ಮಾನಿಸಬೇಕು. ಮಹಡಿಗಟ್ಟಲೆ ಎತ್ತರಕ್ಕೆ ಒಯ್ದ ಅನುಭವ ಆ ಕಸುಬಿಗೆ ಇರಲಿಲ್ಲವಾದ್ದರಿಂದ ಬೆನ್ನಿಗೆ ಕಾಂಕ್ರೀಟ್ ಕೊಡಬೇಕಾಯಿತು. ಬರಿಯ ಕಾಂಕ್ರೀಟ್ ಕಾಣುವ ಕಡೆ ಬಿದಿರಿನ ಅಚ್ಚು ಬಳಸಿದರು. ಗೆಣ್ಣುಗಳ ಗುರುತು ಗೋಡೆಯಲ್ಲಿ ಹಾಗೇ ಉಳಿದಿದೆ.

ಕೆಲಸಗಾರರ ಮೇಲಿನ ಈ ಭರವಸೆ ಪುಸ್ತಕದಿಂದ ಬಂದದ್ದಲ್ಲ. 1988ರಲ್ಲಿ ಸ್ನಾತಕೋತ್ತರ ಪದವಿ ಮುಗಿಸಿದ ವಾಂಗ್ ಶು, ಚೀನಾ ಹುಚ್ಚು ಹಿಡಿದಂತೆ ಕಟ್ಟುತ್ತಿದ್ದ ತೊಂಬತ್ತರ ದಶಕದ ಬಹುಭಾಗ ಸ್ವತಂತ್ರವಾಗಿ ಕಟ್ಟಡದ ಕೆಲಸ ಒಪ್ಪಿಕೊಳ್ಳದೆ, ಕುಶಲಕರ್ಮಿಗಳ ಜೊತೆ ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಕಳೆದರು. ಮುಂದೆ ತಮ್ಮ ಕಚೇರಿಗೆ ‘ಹವ್ಯಾಸಿ ವಾಸ್ತುಶಿಲ್ಪ ಸ್ಟುಡಿಯೊ’ ಎಂದೇ ಹೆಸರಿಟ್ಟರು. ಹಾಂಗ್‌ಝೌನ ಚೀನಾ ಕಲಾ ಅಕಾಡೆಮಿಯ ಶಿಯಾಂಗ್‌ಶಾನ್ ಕ್ಯಾಂಪಸ್ಸಿನ ಮಾಡುಗಳಿಗೆ ಕೆಡವಿದ ಮನೆಗಳಿಂದ ತಂದ ಹೆಂಚು ಇಪ್ಪತ್ತು ಲಕ್ಷಕ್ಕೂ ಹೆಚ್ಚು.

ಇಲ್ಲೊಂದು ಮುಜುಗರದ ಸಂಗತಿ ಇದೆ. ಅಷ್ಟು ಹೆಂಚು ಸಿಗಬೇಕಾದರೆ ಅಷ್ಟು ಮನೆ ಬಿದ್ದಿರಬೇಕು. ನಿಂಗ್ಬೊ ಮ್ಯೂಸಿಯಂ ನಿಂತಿರುವ ಹೊಸ ಬಡಾವಣೆಯೇ ಹತ್ತಾರು ಹಳ್ಳಿಗಳನ್ನು ಒರೆಸಿ ಎದ್ದದ್ದು. ತನ್ನ ಹಳೆಯ ಮನೆಯ ಕುರುಹು ಇಲ್ಲಿ ಕಾಣುತ್ತದೆಂದು ಮತ್ತೆ ಮತ್ತೆ ಬರುವ ಮಹಿಳೆಯೊಬ್ಬಳ ಬಗ್ಗೆ ವಾಂಗ್ ಶು ಹೇಳಿಕೊಂಡಿದ್ದಾರೆ. ಕೇಳಲು ಹಿತವಾದ ಕಥೆ. ಆದರೆ ಮನೆ ಕಳೆದುಕೊಂಡವಳು ಅದನ್ನು ಮ್ಯೂಸಿಯಂ ಗೋಡೆಯಲ್ಲಿ ಹುಡುಕಬೇಕಾಗಿ ಬಂದದ್ದನ್ನು ವಾಸ್ತುಶಿಲ್ಪದ ಗೆಲುವೆಂದು ಹೇಗೆ ಒಪ್ಪುವುದು? ಗೋಡೆ ಎಷ್ಟೇ ಚೆಂದವಿರಲಿ, ಅದು ಬುಲ್ಡೋಜರ್ ಹೋದ ಮೇಲೆ ಬಂದದ್ದು.

ವಾಂಗ್ ಶು ಅವರಿಗೂ ಈ ಇರಿತ ತಟ್ಟಿರಬೇಕು. ಹಾಂಗ್‌ಝೌ ಬಳಿಯ ಫುಯಾಂಗ್‌ನ ಆಡಳಿತ ಹೊಸ ಮ್ಯೂಸಿಯಂ ಕೇಳಿದಾಗ, ಹಳ್ಳಿಗಳ ಕೆಲಸವನ್ನೂ ತಮಗೆ ಕೊಡಬೇಕೆಂದು ಅವರು ಷರತ್ತು ಹಾಕಿದರು. ಹಾಗೆ ಸಿಕ್ಕಿದ್ದು ವೆನ್‌ತ್ಸುನ್ ಎಂಬ ಪುಟ್ಟ ಊರು. ಅಲ್ಲಿ ಕಲ್ಲು ಮತ್ತು ಹೊಡೆದು ಗಟ್ಟಿಮಾಡಿದ ಮಣ್ಣಿನ ಗೋಡೆಗಳ ಹೊಸ ಮನೆಗಳು ಹಳೆಯ ಮನೆಗಳ ಮಗ್ಗುಲಲ್ಲೇ ಎದ್ದಿವೆ. ಪ್ರವಾಸಿಗರು ಫೋಟೊ ತೆಗೆಯುವುದು ಈಗಲೂ ನಿಂಗ್ಬೊದ ಗೋಡೆಯೆದುರು. ವಾಂಗ್ ಶು ಅವರನ್ನು ಅಳೆಯಲು ಹೊರಟವರು ಮಾತ್ರ ಈ ಹಳ್ಳಿಗೆ ಹೋಗಬೇಕು.