ಸ್ವಯಂಸೇವೆ ಎಂಬ ಮಾತು

ನಂದಿನಿ ಲೇಔಟಿನ ನಮ್ಮ ಮನೆಯಿಂದ ದಂಡಿನ ಕಡೆಗೆ ಹೋಗಬೇಕಾದ ಕೆಲಸವೊಂದು ಈಚೆಗೆ ಒದಗಿತು. ಕಬ್ಬನ್ ರಸ್ತೆಯಲ್ಲಿ ಬಸ್ಸು ನಿಂತಾಗ ಕಂಡಕ್ಟರು “ಬಿ.ಆರ್.ವಿ., ಬಿ.ಆರ್.ವಿ.” ಎಂದು ಕೂಗಿದರು. ಇಳಿಯುವವರು ಇಳಿದರು, ಹತ್ತುವವರು ಹತ್ತಿದರು; ಆ ಮೂರು ಅಕ್ಷರಗಳ ಅರ್ಥವೇನೆಂದು ಯಾರೂ ಕೇಳಲಿಲ್ಲ. ನಾನು ರಸ್ತೆ ದಾಟಲೆಂದು ನಿಂತಿದ್ದಾಗ ಖಾಕಿ ಉಡುಪಿನ ತರುಣನೊಬ್ಬನು ವಾಹನಗಳಿಗೆ ಕೈ ಅಡ್ಡ ಹಿಡಿದು ದಾರಿ ಮಾಡಿಕೊಟ್ಟು, “ನಮಸ್ಕಾರ ಸಾರ್, ಗುರುತು ಸಿಕ್ಕಲಿಲ್ಲವೆ?” ಎಂದನು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಕುಳಿತಿದ್ದ ಹುಡುಗ. “ಪೊಲೀಸ್ ನೌಕರಿ ಸಿಕ್ಕಿತೇನಪ್ಪ?” ಎಂದು ಕೇಳಿದೆ. “ಇಲ್ಲ ಸಾರ್, ನಾನು ಹೋಂ ಗಾರ್ಡು. ಇದು ನೌಕರಿಯಲ್ಲ, ನಾವು ಸ್ವಯಂಸೇವಕರು” ಎಂದು ನಕ್ಕನು.

ಅವನು ಆ ಮಾತನ್ನು ಆಡಿದ ಸ್ಥಳ ಸಾಮಾನ್ಯವಾದುದಲ್ಲ. ಬಿ.ಆರ್.ವಿ. ಎಂದರೆ ಬೆಂಗಳೂರು ರೈಫಲ್ ವಾಲಂಟಿಯರ್ಸ್. ಆ ಹೆಸರು ಒಂದು ಚಿತ್ರಮಂದಿರಕ್ಕೆ ಅಂಟಿಕೊಂಡು, ಅಲ್ಲಿಂದ ಬಸ್ಸಿನ ನಿಲ್ದಾಣಕ್ಕೆ ಇಳಿದು ಬಂದಿದೆ. ಅಂದಿನ ವಾಲಂಟಿಯರನೂ ಇಂದಿನ ಗೃಹರಕ್ಷಕನೂ ಕನ್ನಡದಲ್ಲಿ ಸ್ವಯಂಸೇವಕರೇ. ಒಂದೇ ಮಾತು ಇಬ್ಬರಿಗೂ ಒಪ್ಪುತ್ತದೆಯೆ ಎಂಬುದು ನನ್ನ ಪ್ರಶ್ನೆ. ಇದಕ್ಕೆ ನಿಘಂಟು ಉತ್ತರ ಕೊಡಲಾರದು, ನಿಯಮಗಳನ್ನು ನೋಡಬೇಕು. ಯಾರು ಸೇರಬಹುದು, ಯಾರು ಕೂಡದು, ಸೇರಿದವನಿಗೆ ‘ಒಲ್ಲೆ’ ಎನ್ನುವ ಹಕ್ಕು ಎಷ್ಟು, ಅವನ ಹೊಟ್ಟೆಪಾಡು ಎಲ್ಲಿಂದ ನಡೆಯುತ್ತದೆ: ಈ ನಾಲ್ಕನ್ನು ಕೇಳಿದರೆ ಯಾವ ಸೇವೆಯ ನಿಜಸ್ವರೂಪವೂ ಹೊರಬೀಳುತ್ತದೆ.

1809ರಲ್ಲಿ ಇಂಗ್ಲಿಷರು ಬೆಂಗಳೂರಿನಲ್ಲಿ ದಂಡನ್ನು ನೆಲೆಗೊಳಿಸಿದರು. ಪೇಟೆಯ ಪಕ್ಕದಲ್ಲಿ ಬೇರೊಂದು ಊರೇ ಬೆಳೆಯಿತು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಅರಸರಿಗೆ ಹಿಂದಿರುಗಿಸಿದಾಗಲೂ ಈ ಪ್ರದೇಶವನ್ನು ‘ಸಿವಿಲ್ ಅಂಡ್ ಮಿಲಿಟರಿ ಸ್ಟೇಷನ್’ ಎಂದು ಕರೆದು ತಮ್ಮ ಕೈಯಲ್ಲಿಯೇ ಇಟ್ಟುಕೊಂಡರು. ಅದು ಮೈಸೂರಿಗೆ ಮರಳಿ ಬಂದುದು 1947ರ ಜುಲೈಯಲ್ಲಿ. ಈ ವಸಾಹತಿನ ಬಿಳಿಯರೂ ಆಂಗ್ಲೋ-ಇಂಡಿಯನ್ನರೂ ಸೇರಿದ ರೈಫಲ್ ವಾಲಂಟಿಯರ್ಸ್ ದಳವು ಹುಟ್ಟಿದ್ದು 1868ರಲ್ಲಿ. 1857ರ ದಂಗೆಯ ಭಯ ಆ ಸಮಾಜದ ಮನಸ್ಸಿನಿಂದ ಇನ್ನೂ ಹೋಗಿರಲಿಲ್ಲ. ಮರುವರ್ಷ, ಎಂದರೆ 1869ರಲ್ಲಿ, ಇಂಡಿಯನ್ ವಾಲಂಟಿಯರ್ಸ್ ಕಾಯಿದೆ ಬಂದು ಇಂಥ ದಳಗಳಿಗೆಲ್ಲ ಒಂದು ಚೌಕಟ್ಟು ದೊರೆಯಿತು.

ಆ ವಾಲಂಟಿಯರನು ದಿನವೂ ಸಿಪಾಯಿಯಲ್ಲ. ಅವನಿಗೆ ಕಚೇರಿಯಿತ್ತು, ಅಂಗಡಿಯಿತ್ತು, ಸಂಬಳವಿತ್ತು. ನಿಗದಿಯಾದಷ್ಟು ಕವಾಯತು, ಗುರಿಯಭ್ಯಾಸ ಮುಗಿಸಿದರೆ ಅವನು ‘ದಕ್ಷ’ರ ಪಟ್ಟಿಗೆ ಸೇರುತ್ತಿದ್ದನು; ಅಂಥ ತಲೆಯೊಂದಕ್ಕೆ ಇಷ್ಟೆಂದು ಸರಕಾರ ದಳಕ್ಕೆ ಹಣ ಕೊಡುತ್ತಿತ್ತು. ಜೀವನಕ್ಕೆ ಬೇರೆ ಆಧಾರವಿದ್ದವನು ತನ್ನ ಬಿಡುವನ್ನು ಕೊಡುವುದೇ ಅಲ್ಲಿ ಸ್ವಯಂಸೇವೆಯಾಗಿತ್ತು. ಆ ಮಟ್ಟಿಗೆ ಮಾತು ಸುಳ್ಳಲ್ಲ.

ಆದರೆ ಎಲ್ಲ ಕಡೆಯೂ ಹಾಗಿರಲಿಲ್ಲ. ಹುಬ್ಬಳ್ಳಿ ಧಾರವಾಡಗಳ ಸೀಮೆಯ ಸದರ್ನ್ ಮರಾಠಾ ರೈಲ್ವೆಗೂ ಒಂದು ವಾಲಂಟಿಯರ್ ದಳವಿತ್ತು. ಭಾರತದ ರೈಲ್ವೆಗಳಲ್ಲಿ ಬಿಳಿಯ ಮತ್ತು ಆಂಗ್ಲೋ-ಇಂಡಿಯನ್ ನೌಕರರು ಇಂಥ ದಳಗಳಿಗೆ ಸೇರುವುದು ಬಹುಮಟ್ಟಿಗೆ ಕೆಲಸದ ಷರತ್ತೇ ಆಗಿತ್ತು. ಅಧಿಕಾರಿಗೆ ಹವ್ಯಾಸವಾದುದು ಬಡ ಫೈರ್‌ಮನ್ನನಿಗೆ ಅನ್ನದ ಕರಾರಾಯಿತು. ಸ್ವಯಂ ಎಂಬ ಮಾತಿನ ಬಣ್ಣ ಅಲ್ಲಿಯೇ ಮಾಸಲು ತೊಡಗಿತ್ತು.

ಇನ್ನು, ಯಾರು ಕೂಡದು ಎಂಬ ಪ್ರಶ್ನೆ. ಭಾರತೀಯರಿಗೆ ಆ ಬಾಗಿಲು ಸಾಮಾನ್ಯವಾಗಿ ಮುಚ್ಚಿಯೇ ಇತ್ತು. 1878ರ ಆಯುಧ ಕಾಯಿದೆ ಬಂದಮೇಲಂತೂ ಬಂದೂಕು ಹಿಡಿಯಲು ಭಾರತೀಯನಿಗೆ ಪರವಾನಗಿ ಬೇಕು, ಬಿಳಿಯನಿಗೆ ವಿನಾಯಿತಿ ಉಂಟು ಎಂಬ ಸ್ಥಿತಿಯಾಯಿತು. ದಾದಾಭಾಯಿ ನವರೋಜಿಯವರ ಅಧ್ಯಕ್ಷತೆಯಲ್ಲಿ 1886ರಲ್ಲಿ ಕಲ್ಕತ್ತೆಯಲ್ಲಿ ಸೇರಿದ ಕಾಂಗ್ರೆಸ್ಸು, ಭಾರತೀಯರಿಗೂ ವಾಲಂಟಿಯರುಗಳಾಗುವ ಅವಕಾಶ ಬೇಕೆಂದು ಕೇಳಿತು. ಅಂದಿನ ವಕೀಲರಿಗೂ ಉಪಾಧ್ಯಾಯರಿಗೂ ಕೋವಿಯ ಮೇಲೆ ಮೋಹವಿತ್ತೆಂದಲ್ಲ. ‘ನಿನ್ನ ಊರನ್ನು ಕಾಯಲು ನಿನ್ನನ್ನು ನಂಬಲಾರೆವು’ ಎಂಬ ಅಪಮಾನವನ್ನು ಅವರು ಸಹಿಸದಾದರು.

ನಂಬಿಕೆಗೆ ಪಾತ್ರರಾದ ಭಾರತೀಯರು ಇರಲಿಲ್ಲವೆ? ಇದ್ದರು. ಯಾವ ಕಬ್ಬನ್ನನ ಹೆಸರಿನ ರಸ್ತೆಯಲ್ಲಿ ನನ್ನ ಶಿಷ್ಯನು ನಿಂತಿದ್ದನೋ ಆ ಮಾರ್ಕ್ ಕಬ್ಬನ್ನನೇ 1861ರಲ್ಲಿ ಕೊಡವರಿಗೆ ಆಯುಧ ನಿರ್ಬಂಧದಿಂದ ವಿನಾಯಿತಿ ಕೊಟ್ಟನು. ಕೊಡಗಿನಲ್ಲಿ ಸಾಗು ಭೂಮಿಯ ಅರ್ಧದಷ್ಟು ಕಂದಾಯಕ್ಕೆ ಜಮ್ಮಾ ಭೂಮಿಯನ್ನು ಪಡೆದವರು ಅದಕ್ಕೆ ಪ್ರತಿಯಾಗಿ ಯುದ್ಧಸೇವೆಗೆ ಬದ್ಧರಾಗಿದ್ದರು. ಅವರ ಮನೆಯ ಕೋವಿಗೆ ಅಷ್ಟು ಹಳೆಯ ಬೇರಿದೆ. ಆ ವಿನಾಯಿತಿಯನ್ನು 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಲಾಯಿತು. 2021ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವೂ ಅದನ್ನು ಎತ್ತಿಹಿಡಿಯಿತು. ಕೊಡವರ ಆ ಗೌರವವನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಪರಕೀಯ ಸರಕಾರ ಒಬ್ಬರಿಗೆ ಕೊಟ್ಟ ವಿನಾಯಿತಿ ಉಳಿದವರೆಲ್ಲರ ಮೇಲೆ ಬರೆದ ಅವಿಶ್ವಾಸದ ಪತ್ರವೂ ಆಗಿತ್ತು.

ಜಮ್ಮಾದಂತೆ ಮೈಸೂರು ಸೀಮೆಯಲ್ಲೂ ಒಂದು ಹಳೆಯ ವ್ಯವಸ್ಥೆಯಿತ್ತು. ಊರೂರಿನಲ್ಲಿದ್ದು ಕರೆ ಬಂದಾಗ ಆಯುಧ ಹಿಡಿಯುತ್ತಿದ್ದ ಕಾಲಾಳುಗಳನ್ನು ಕಂದಾಚಾರದವರೆಂದು ಕರೆಯುತ್ತಿದ್ದರು. ಇಂದು ತರಗತಿಯಲ್ಲಿ ಕಂದಾಚಾರವೆಂದರೆ ವಿದ್ಯಾರ್ಥಿಗಳಿಗೆ ಮೂಢ ಸಂಪ್ರದಾಯವೊಂದೇ ನೆನಪಾಗುತ್ತದೆ. ಮಾತು ಉಳಿದಿದೆ, ಅದರೊಳಗಿದ್ದ ಮನುಷ್ಯ ಮಾಯವಾಗಿದ್ದಾನೆ. ಆ ಮನುಷ್ಯನನ್ನು ಯಾರೂ ಸ್ವಯಂಸೇವಕನೆಂದು ಹೊಗಳಲಿಲ್ಲ. ಆದರೆ ಅವನ ಸೇವೆಗೆ ಪ್ರತಿಫಲವುಂಟೆಂಬುದನ್ನು ಒಪ್ಪಿಕೊಂಡಿದ್ದರು. ಆ ಲೆಕ್ಕದಲ್ಲಿ ಒಂದು ಪ್ರಾಮಾಣಿಕತೆಯಿತ್ತು.

ಮೊದಲನೆಯ ಮಹಾಯುದ್ಧವು ವಾಲಂಟಿಯರ್ ಎಂಬ ಮಾತಿನ ಪರೀಕ್ಷೆಯನ್ನು ಮಾಡಿತು. 1917ರ ಇಂಡಿಯನ್ ಡಿಫೆನ್ಸ್ ಫೋರ್ಸ್ ಕಾಯಿದೆಯು ಬಿಳಿಯರಿಗೆ ಸೇವೆಯನ್ನು ಕಡ್ಡಾಯ ಮಾಡಿತು. ಭಾರತೀಯರು ತಾವಾಗಿ ಸೇರಲು ಪ್ರತ್ಯೇಕ ವಿಭಾಗವನ್ನು ತೆರೆಯಿತು. ಅಲ್ಲಿಯವರೆಗೆ ಬೇಡಿದರೂ ಸಿಕ್ಕದಿದ್ದುದು ಸಂಕಟ ಬಂದಾಗ ಸಿಕ್ಕಿತು. ಯುದ್ಧ ಮುಗಿದಮೇಲೆ, 1920ರಲ್ಲಿ, ಬಿಳಿಯರಿಗೂ ಆಂಗ್ಲೋ-ಇಂಡಿಯನ್ನರಿಗೂ ಆಕ್ಸಿಲಿಯರಿ ಫೋರ್ಸ್, ಭಾರತೀಯರಿಗೆ ಟೆರಿಟೋರಿಯಲ್ ಫೋರ್ಸ್ ಎಂದು ಎರಡು ಬಾಗಿಲುಗಳಾದುವು. ನಮ್ಮ ಕಾಲೇಜುಗಳ ಎನ್.ಸಿ.ಸಿ.ಯು 1948ರಲ್ಲಿ ಸ್ಥಾಪಿತವಾದುದಾದರೂ ಅದರ ಮೂಲವು ಆ 1917ರ ವಿಶ್ವವಿದ್ಯಾಲಯದ ತುಕಡಿಗಳಲ್ಲಿಯೇ ಇದೆ.

ಸ್ವತಂತ್ರ ಭಾರತವು ಜನಾಂಗದ ಬಾಗಿಲನ್ನು ಕಿತ್ತುಹಾಕಿತು. 1946ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಹುಟ್ಟಿದ ಗೃಹರಕ್ಷಕ ದಳದ ಕಲ್ಪನೆಯು, ಚೀನಾ ಯುದ್ಧ ನಡೆದ 1962ರಲ್ಲಿ, ನಮ್ಮ ರಾಜ್ಯದಲ್ಲೂ ಕಾಯಿದೆಯ ರೂಪವನ್ನು ಪಡೆಯಿತು. ಅದಕ್ಕೆ ಯಾವ ಜಾತಿಯವರೂ ಸೇರಬಹುದು, ಹೆಂಗಸರೂ ಸೇರಬಹುದು. 1886ರಲ್ಲಿ ಕೇಳಿದ ನ್ಯಾಯ ದೊರೆತಂತಾಯಿತು. ಇದು ಸಣ್ಣ ಸಾಧನೆಯಲ್ಲ.

ಆದರೆ ನಾಲ್ಕನೆಯ ಪ್ರಶ್ನೆ ಉಳಿದೇ ಇದೆ. ಇಂದಿನ ಗೃಹರಕ್ಷಕನು ವಾಹನ ಸಂಚಾರದಲ್ಲಿ, ಜಾತ್ರೆಯಲ್ಲಿ, ಚುನಾವಣೆಯಲ್ಲಿ, ಪ್ರವಾಹದಲ್ಲಿ ನಿಲ್ಲುತ್ತಾನೆ. ಕರೆದ ದಿನಕ್ಕೆ ಭತ್ಯೆ; ಕರೆಯದ ದಿನಕ್ಕಿಲ್ಲ. ಬೇರೆ ಆಧಾರವಿಲ್ಲದ ಅನೇಕರಿಗೆ ಇದೇ ಬದುಕು. 2015ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇವರು ಖಾಯಂ ನೌಕರರಲ್ಲವೆಂದು ಹೇಳಿತು. ಆದರೆ ಮೂವತ್ತು ದಿನದ ಭತ್ಯೆಯು ಪೊಲೀಸರ ಕನಿಷ್ಠ ವೇತನಕ್ಕೆ ಸಮನಾಗುವಂತೆ ಕೊಡಬೇಕೆಂದೂ ಹೇಳಿತು. ಕೆಲಸ ಒಂದೇ ಆದಮೇಲೆ ಹೆಸರು ಬೇರೆ ಎಂಬುದು ಬಡತನಕ್ಕೆ ಕಾರಣವಾಗಬಾರದು ಎಂಬುದು ಆ ಮಾತಿನ ತಿರುಳೆಂದು ನಾನು ತಿಳಿದಿದ್ದೇನೆ.

ಸಂಬಳದ ಮಾತೆತ್ತಿದರೆ ಸೇವೆಯ ಪಾವಿತ್ರ್ಯ ಕೆಡುತ್ತದೆ ಎನ್ನುವವರಿದ್ದಾರೆ. ಅವರ ಮಾತಿನಲ್ಲಿ ತಥ್ಯವಿಲ್ಲದಿಲ್ಲ. ನಾಗರಿಕರು ವರ್ಷಕ್ಕೆ ಕೆಲವು ದಿನ ಊರಿಗಾಗಿ ದುಡಿಯುವುದು ಒಳ್ಳೆಯ ಆದರ್ಶವೇ. ಹಾಗಾದರೆ ಅದು ನಿಜವಾದ ಆದರ್ಶವಾಗಲಿ. ಬ್ಯಾಂಕಿನ ಅಧಿಕಾರಿ, ವಕೀಲ, ಕಂಪ್ಯೂಟರ್ ಎಂಜಿನಿಯರು, ನನ್ನಂಥ ಅಧ್ಯಾಪಕ ಎಲ್ಲರೂ ಖಾಕಿ ತೊಟ್ಟು ನಾಲ್ಕು ದಿನ ಬಿಸಿಲಿನಲ್ಲಿ ನಿಲ್ಲೋಣ. ಅದಕ್ಕೆ ನಾವು ಸಿದ್ಧರಿಲ್ಲವಾದರೆ, ನಮ್ಮ ಪರವಾಗಿ ನಿಂತವನ ದುಡಿಮೆಯನ್ನು ದುಡಿಮೆಯೆಂದು ಕರೆದು, ಕೆಲಸದ ದಿನಗಳಿಗೆ ಭರವಸೆ ಕೊಟ್ಟು, ನ್ಯಾಯವಾದ ಕೂಲಿಯನ್ನು ಸಲ್ಲಿಸೋಣ. ಇವೆರಡಕ್ಕೂ ನಡುವೆ ನಿಂತು, ಆದರ್ಶದ ಹೆಸರಿನಲ್ಲಿ ಅಗ್ಗದ ದುಡಿಮೆಯನ್ನು ಪಡೆಯುವುದು ಸರಿಯಲ್ಲ.

ವಸಾಹತಿನ ವಾಲಂಟಿಯರನ ಸೇವೆ ಅನ್ಯಾಯದ ನಿಯಮದಿಂದ ಕೂಡಿತ್ತು. ಆದರೆ ಅವನಿಗೆ ಒಲ್ಲೆನೆನ್ನುವ ಅನುಕೂಲವಾದರೂ ಇತ್ತು. ನನ್ನ ಶಿಷ್ಯನಿಗೆ ಒಳಗೆ ಬರುವ ಹಕ್ಕಿದೆ. ಒಲ್ಲೆನೆಂದರೆ ಅಂದಿನ ಊಟದ ಪ್ರಶ್ನೆ. ಅವನು ಅಂದು ನಕ್ಕು ಹೇಳಿದ ಮಾತಿನಲ್ಲಿ ಹೆಮ್ಮೆಯೂ ಇತ್ತು, ಇನ್ನೇನೋ ಇತ್ತು. ಭಾಷೆ ಕಲಿಸುವವನಾದ ನಾನು ಆ ‘ಇನ್ನೇನೋ’ ಎಂಬುದನ್ನು ಕೇಳಿಸಿಕೊಳ್ಳದೆ ರಸ್ತೆ ದಾಟಿಬಿಡಬಾರದೆಂದು ಇಷ್ಟು ಬರೆದೆ.